ಗಾಳಿಯಿಂದ ಗಾಡಿ ನಿಲ್ಲಿಸಿದ ಜಾರ್ಜ್ ವೆಸ್ಟಿಂಗ್‌ಹೌಸ್

ನಮ್ಮ ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಮಕ್ಕಳಿಗೆ ರೈಲು ಹೊಸ ವಸ್ತುವಲ್ಲ. ಊರಿಗೆ ಇನ್ನೂ ಬೌರಿಂಗ್‌ಪೇಟೆ ಎಂಬ ಹೆಸರಿದ್ದಾಗಲೇ, 1894ರಲ್ಲಿ, ಇಲ್ಲಿಂದ ಚಿನ್ನದ ಗಣಿಗಳ ಕಡೆಗೆ ಕವಲು ಹಳಿ ಹೋಯಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ನಿಲ್ದಾಣಗಳ ಹೆಸರು ನಮ್ಮ ಮನೆಮನೆಯ ಮಾತು. 2001ರಲ್ಲಿ ಗಣಿ ಮುಚ್ಚಿದ ಮೇಲಂತೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವವರಿಂದಲೇ ಎಷ್ಟೋ ಸಂಸಾರಗಳು ನಡೆಯುತ್ತಿವೆ. ರೈಲು ಬಿಟ್ಟರೆ ಲಾರಿ. ಕೋಲಾರದ ಮಂಡಿಯಿಂದ ಟೊಮೆಟೊ ಹೇರಿಕೊಂಡು ಮೊಗಿಲಿ ಘಾಟ್ ಇಳಿದು ಚಿತ್ತೂರು, ಚೆನ್ನೈ ಕಡೆಗೆ ಹೋಗುವ ಲಾರಿಗಳ ಸ್ಟೀರಿಂಗ್ ಹಿಂದೆ ನಮ್ಮ ಶಾಲೆಯಲ್ಲಿ ಓದಿದವರೂ ಇದ್ದಾರೆ. ಅವರನ್ನು ಕಾದು ಕೂರುವ ತಾಯಂದಿರು ನಮ್ಮ ಹಳ್ಳಿಗಳಲ್ಲಿದ್ದಾರೆ.

ಈ ರೈಲು, ಈ ಲಾರಿ ಎರಡನ್ನೂ ನಿಲ್ಲಿಸುವುದು ಒಂದೇ ವಸ್ತು. ಅದು ಗಾಳಿ. ಕಬ್ಬಿಣದ ಗಾಡಿಯನ್ನು ಬರೀ ಗಾಳಿಯಿಂದ ಹಿಡಿದು ನಿಲ್ಲಿಸಬಹುದೆಂದು ತೋರಿಸಿಕೊಟ್ಟವರು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಆದರೂ ನಮ್ಮ ಭಾಗದ ಬದುಕಿನಲ್ಲಿ ಅವರ ಕೆಲಸದ ಗುರುತುಗಳು ಒಂದಲ್ಲ, ಹಲವು ಇವೆ. ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಈ ಸಂಚಿಕೆಯಲ್ಲಿ ವಿದ್ಯಾರ್ಥಿಗಳೂ ಹಿರಿಯರೂ ಅವರ ಬಾಳಿನ ಕಥೆಯನ್ನು ತಿಳಿಯಲೆಂದು ಈ ಲೇಖನ.

ಕಾರ್ಖಾನೆಯಲ್ಲಿ ಬೆಳೆದ ಹುಡುಗ

ಜಾರ್ಜ್ ಹುಟ್ಟಿದ್ದು 1846ರ ಅಕ್ಟೋಬರ್ 6ರಂದು, ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಬ್ರಿಜ್ ಎಂಬ ಸಣ್ಣ ಹಳ್ಳಿಯಲ್ಲಿ. ತುಂಬು ಸಂಸಾರ, ಅಣ್ಣಂದಿರು, ಅಕ್ಕಂದಿರು ಹಲವರು. ತಂದೆಯ ಹೆಸರೂ ಜಾರ್ಜ್. ಅವರು ಬೇಸಾಯದ ಯಂತ್ರಗಳನ್ನು ತಯಾರಿಸುವ ಕಸುಬುದಾರರು. 1856ರಲ್ಲಿ ಸಂಸಾರ ಸ್ಕೆನೆಕ್ಟಡಿ ಎಂಬ ಊರಿಗೆ ಬಂದು ನೆಲೆಸಿತು. ತಂದೆಯ ಕಾರ್ಖಾನೆ ಅಲ್ಲಿ ಬೆಳೆಯಿತು.

ಹುಡುಗನಿಗೆ ಪುಸ್ತಕಕ್ಕಿಂತ ಲೇತು, ಸುತ್ತಿಗೆ, ಅರಗಳ ಮೇಲೆ ಪ್ರೀತಿ. ಶಾಲೆ ಬಿಟ್ಟೊಡನೆ ಕಾರ್ಖಾನೆಗೆ ಓಟ. ತಂದೆ ಕೊಟ್ಟ ಕೆಲಸಕ್ಕಿಂತ ತನ್ನದೇ ಆಟದ ಯಂತ್ರಗಳನ್ನು ಮಾಡುವುದರಲ್ಲೇ ಅವನ ಮನಸ್ಸು. ಅಷ್ಟರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಗುಲಾಮಗಿರಿಯ ಪ್ರಶ್ನೆಯ ಮೇಲೆ ದೇಶ ಎರಡಾಗಿ ಕಾದಾಡುತ್ತಿತ್ತು. ಹದಿಹರೆಯದಲ್ಲೇ ಜಾರ್ಜ್ ಉತ್ತರದ ಸೈನ್ಯ ಸೇರಿದ. ಆಮೇಲೆ ನೌಕಾಪಡೆಗೆ ಹೋಗಿ ಹಡಗಿನ ಎಂಜಿನ್ ಕೋಣೆಯಲ್ಲಿ ಕಿರಿಯ ಎಂಜಿನಿಯರನಾಗಿ ದುಡಿದ. ಅಣ್ಣ ಆಲ್ಬರ್ಟ್ ಆ ಯುದ್ಧದಲ್ಲೇ ಮಡಿದ.

1865ರಲ್ಲಿ ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ಯೂನಿಯನ್ ಕಾಲೇಜಿಗೆ ಸೇರಿಸಿದರು. ಪಾಠಕ್ಕೆ ಮನಸ್ಸು ಹತ್ತಲಿಲ್ಲ. ಕೆಲವೇ ತಿಂಗಳಲ್ಲಿ ಕಾಲೇಜು ಬಿಟ್ಟು ತಂದೆಯ ಕಾರ್ಖಾನೆಗೆ ಬಂದ. ಆದರೆ ಓದು ಬಿಟ್ಟವನು ಕಲಿಕೆ ಬಿಡಲಿಲ್ಲ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ಅದೇ ವರ್ಷ, 19ನೇ ವಯಸ್ಸಿನಲ್ಲಿ, ಸುತ್ತುವ ಬಗೆಯ ಉಗಿ ಎಂಜಿನ್ನೊಂದಕ್ಕೆ ಅವನಿಗೆ ಮೊದಲ ಪೇಟೆಂಟು ಸಿಕ್ಕಿತು. ಹಳಿ ತಪ್ಪಿದ ಬೋಗಿಗಳನ್ನು ಎಳೆದು ಮತ್ತೆ ಹಳಿಗೆ ಕೂರಿಸುವ ಸಲಕರಣೆಯೊಂದನ್ನೂ ಸ್ವಲ್ಪ ಕಾಲದಲ್ಲೇ ಮಾಡಿದ. ರೈಲಿನ ಪ್ರಯಾಣವೊಂದರಲ್ಲಿ ಕಂಡ ಮಾರ್ಗರೀಟ್ ವಾಕರ್ ಎಂಬಾಕೆಯನ್ನು 1867ರಲ್ಲಿ ಮದುವೆಯಾದ.

ಬೋಗಿಯ ಮೇಲೆ ಓಡುವ ಕೆಲಸ

ಆ ಕಾಲದ ರೈಲನ್ನು ನಿಲ್ಲಿಸುತ್ತಿದ್ದ ಬಗೆಯನ್ನು ಈಗ ಕೇಳಿದರೆ ಮೈ ನಡುಗುತ್ತದೆ. ಒಂದೊಂದು ಬೋಗಿಗೂ ಒಂದೊಂದು ಕೈಚಕ್ರ. ಡ್ರೈವರು ಸೀಟಿ ಊದಿದ ಕೂಡಲೇ ಬ್ರೇಕ್ಸ್‌ಮನ್‌ಗಳು ಒಂದು ಬೋಗಿಯ ಚಕ್ರ ತಿರುಗಿಸಿ ಬಿಗಿ ಮಾಡಿ, ಮುಂದಿನ ಬೋಗಿಗೆ ಓಡಿ ಅದನ್ನೂ ಬಿಗಿ ಮಾಡಬೇಕು. ಗೂಡ್ಸ್ ಗಾಡಿಯಾದರೆ ಓಡುವ ಗಾಡಿಯ ಚಾವಣಿಯ ಮೇಲೆಯೇ ಈ ಓಟ. ಮಳೆ, ಹಿಮ, ರಾತ್ರಿಯ ಕತ್ತಲು ಯಾವುದಕ್ಕೂ ವಿನಾಯಿತಿಯಿಲ್ಲ. ಕಾಲು ಜಾರಿದರೆ ಎರಡು ಬೋಗಿಗಳ ನಡುವೆ ಬೀಳುವುದೇ. ಬೋಗಿಗಳನ್ನು ಕೊಂಡಿ ಹಾಕಿ ಜೋಡಿಸುವಾಗ ಬೆರಳು, ಕೈ ಕಳೆದುಕೊಂಡವರಿಗೂ ಲೆಕ್ಕವಿರಲಿಲ್ಲ. ಇಷ್ಟು ಮಾಡಿದರೂ ಗಾಡಿ ನಿಲ್ಲುವ ಹೊತ್ತಿಗೆ ಬಹಳ ದೂರ ಹೋಗಿರುತ್ತಿತ್ತು.

1866ರಲ್ಲಿ ಸ್ಕೆನೆಕ್ಟಡಿ ಮತ್ತು ಟ್ರಾಯ್ ಊರುಗಳ ನಡುವೆ ಎರಡು ಗೂಡ್ಸ್ ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. ಆ ದಾರಿಯಲ್ಲಿ ಪ್ರಯಾಣ ಮಾಡುತ್ತಿದ್ದ ಜಾರ್ಜ್ ಅದನ್ನು ಕಣ್ಣಾರೆ ಕಂಡ. ನೆಲ ಸಮತಟ್ಟು, ಹಳಿ ನೇರ, ಬೆಳಕೂ ಇತ್ತು. ಎರಡೂ ಗಾಡಿಗಳ ಡ್ರೈವರುಗಳಿಗೆ ಎದುರಿನ ಗಾಡಿ ದೂರದಿಂದಲೇ ಕಂಡಿತ್ತು. ಕಂಡರೂ ನಿಲ್ಲಿಸಲು ಆಗಲಿಲ್ಲ. ತಪ್ಪು ಮನುಷ್ಯನದಲ್ಲ, ಬ್ರೇಕಿನದು ಎಂದು ಆ ಇಪ್ಪತ್ತರ ತರುಣನಿಗೆ ಹೊಳೆಯಿತು. ಎಲ್ಲ ಬೋಗಿಗಳ ಬ್ರೇಕೂ ಏಕಕಾಲಕ್ಕೆ, ಡ್ರೈವರನ ಒಂದೇ ಕೈಯಿಂದ ಬೀಳುವಂತಾಗಬೇಕು. ಆದರೆ ಎಂಜಿನ್ನಿನ ಬಲವನ್ನು ಗಾಡಿಯ ಕೊನೆಯ ಬೋಗಿಯವರೆಗೆ ಒಯ್ಯುವುದು ಹೇಗೆ?

ಸುರಂಗದಿಂದ ಬಂದ ಉಪಾಯ

ಮೊದಲು ಉದ್ದ ಸರಪಳಿಯಿಂದ ಎಲ್ಲ ಬ್ರೇಕುಗಳನ್ನೂ ಎಳೆಯುವ ಯೋಚನೆ ಮಾಡಿದರು. ಬೋಗಿಗಳು ಹೆಚ್ಚಾದಂತೆ ಸರಪಳಿಯ ಭಾರವೇ ಹೊರೆಯಾಯಿತು. ಉಗಿಯನ್ನೇ ಪೈಪಿನಲ್ಲಿ ಕಳಿಸೋಣವೆಂದರೆ ದಾರಿಯಲ್ಲೇ ತಣಿದು ನೀರಾಗುತ್ತಿತ್ತು. ಹೀಗಿರುವಾಗ ಪತ್ರಿಕೆಯೊಂದರಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದು ಮಾಂಟ್ ಸೆನಿಸ್ ಸುರಂಗ ತೋಡುತ್ತಿದ್ದ ವರದಿ ಅದು. ಹೊರಗಿನ ಯಂತ್ರದಲ್ಲಿ ಗಾಳಿಯನ್ನು ಒತ್ತಿ, ಸಾವಿರಾರು ಅಡಿ ಉದ್ದದ ಪೈಪಿನಲ್ಲಿ ಒಳಗೆ ಕಳಿಸಿ, ಅದರಿಂದಲೇ ಬಂಡೆ ಕೊರೆಯುವ ಡ್ರಿಲ್ಲುಗಳನ್ನು ನಡೆಸುತ್ತಿದ್ದರು. ಬಂಡೆ ಕೊರೆಯುವ ಗಾಳಿ ಚಕ್ರವನ್ನು ಏಕೆ ಹಿಡಿಯಬಾರದು ಎಂದು ವೆಸ್ಟಿಂಗ್‌ಹೌಸ್ ಯೋಚಿಸಿದರು.

ಈ ಸಂಗತಿ ಕೆ.ಜಿ.ಎಫ್.ನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಗಣಿಗಳಲ್ಲೂ ಅದೇ ನಡೆದದ್ದು. ಮೇಲೆ ಕಂಪ್ರೆಸರು, ಅಲ್ಲಿಂದ ಶಾಫ್ಟಿನ ಒಳಗೆ ಇಳಿಯುವ ಗಾಳಿಯ ಪೈಪು, ಕೆಳಗೆ ಕತ್ತಲಲ್ಲಿ ಡ್ರಿಲ್ಲು ಹಿಡಿದ ನಮ್ಮ ತಾತ, ಮುತ್ತಾತಂದಿರು. ಯಾವ ಗಾಳಿ ಭೂಮಿಯ ಆಳದಲ್ಲಿ ಚಿನ್ನದ ಕಲ್ಲನ್ನು ಕೊರೆಯಿತೋ ಅದೇ ಗಾಳಿ ಮೇಲೆ ಹಳಿಯ ಮೇಲಿನ ಗಾಡಿಯನ್ನು ನಿಲ್ಲಿಸುತ್ತದೆ.

ವೆಸ್ಟಿಂಗ್‌ಹೌಸ್ 1868ರ ಸುಮಾರಿಗೆ ಉಕ್ಕಿನ ನಗರ ಪಿಟ್ಸ್‌ಬರ್ಗಿಗೆ ಬಂದರು. ಬ್ರೇಕಿನ ವಿಷಯ ಹೇಳಿದರೆ ನಂಬುವವರು ಕಡಿಮೆ. ಗಾಳಿಯಿಂದ ರೈಲು ನಿಲ್ಲಿಸುವ ಮಾತು ಆಗಿನ ರೈಲ್ವೆ ಅಧಿಕಾರಿಗಳಿಗೆ ಹುಡುಗಾಟವಾಗಿ ಕಂಡಿತು. ಕೊನೆಗೆ ಗೆಳೆಯ ರಾಲ್ಫ್ ಬ್ಯಾಗಲಿ ಹಣ ಹಾಕಲು ಒಪ್ಪಿದರು. ಪ್ಯಾನ್‌ಹ್ಯಾಂಡಲ್ ಎಂದು ಜನ ಕರೆಯುತ್ತಿದ್ದ ರೈಲ್ವೆಯವರು ಒಂದು ಗಾಡಿಯನ್ನು ಪರೀಕ್ಷೆಗೆ ಕೊಟ್ಟರು.

ಎಂಜಿನ್ನಿನ ಮೇಲೆ ಉಗಿಯಿಂದ ನಡೆಯುವ ಗಾಳಿಪಂಪು, ಗಾಳಿ ತುಂಬಿಡಲು ಟ್ಯಾಂಕು, ಗಾಡಿಯುದ್ದಕ್ಕೂ ಒಂದು ಪೈಪು, ಪ್ರತಿ ಬೋಗಿಯ ಕೆಳಗೆ ಒಂದು ಸಿಲಿಂಡರು. ಡ್ರೈವರು ವಾಲ್ವು ತಿರುಗಿಸಿದರೆ ಗಾಳಿ ನುಗ್ಗಿ ಪಿಸ್ಟನ್ನನ್ನು ತಳ್ಳಬೇಕು, ಬ್ರೇಕಿನ ಕಟ್ಟೆಗಳು ಚಕ್ರವನ್ನು ಕಚ್ಚಬೇಕು. ಅಧಿಕಾರಿಗಳನ್ನು ಕೂರಿಸಿಕೊಂಡು ಗಾಡಿ ಪಿಟ್ಸ್‌ಬರ್ಗಿನಿಂದ ಹೊರಟಿತು. ನಗರದ ಸುರಂಗವೊಂದನ್ನು ದಾಟಿ ಹೊರಬರುತ್ತಿದ್ದಂತೆ ಮುಂದಿನ ಗೇಟಿನಲ್ಲಿ ಕುದುರೆ ಗಾಡಿಯೊಂದು ಹಳಿಗೆ ಅಡ್ಡ ಬಂತು. ಬೆದರಿದ ಕುದುರೆಗಳು ಕಾಲೆತ್ತಿದವು. ಗಾಡಿಯವನು ಹಳಿಯ ಮೇಲೆಯೇ ಬಿದ್ದ. ಡ್ರೈವರ್ ಡೇನಿಯಲ್ ಟೇಟ್ ವಾಲ್ವು ತಿರುಗಿಸಿದರು. ಗಾಡಿ ಜರ್ರನೆ ಎಳೆದು, ಬಿದ್ದವನಿಂದ ಕೆಲವೇ ಅಡಿ ದೂರದಲ್ಲಿ ನಿಂತಿತು. ಹಿಂದೆ ಬೋಗಿಯಲ್ಲಿ ಆಸನಗಳಿಂದ ಉರುಳಿಬಿದ್ದ ಅಧಿಕಾರಿಗಳು ಕೋಪದಿಂದಲೇ ಇಳಿದು ಬಂದರು. ಮುಂದೆ ಬಂದು ನೋಡಿದ ಮೇಲೆ ಪರೀಕ್ಷೆ ಮುಂದುವರಿಸುವ ಅಗತ್ಯವೇ ಉಳಿದಿರಲಿಲ್ಲ. 1869ರ ಏಪ್ರಿಲ್ 13ರಂದು ಪೇಟೆಂಟು ಬಂತು. ಅದೇ ವರ್ಷ ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿ ಆರಂಭವಾಯಿತು. ಆಗ ಅವರ ವಯಸ್ಸು 22.

ಕೆಟ್ಟರೂ ನಿಲ್ಲಬೇಕು

ಇಲ್ಲಿಗೇ ನಿಂತಿದ್ದರೆ ವೆಸ್ಟಿಂಗ್‌ಹೌಸ್ ಒಬ್ಬ ಜಾಣ ಯಂತ್ರಕಾರರಾಗಿ ಉಳಿಯುತ್ತಿದ್ದರು. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ತಮ್ಮದೇ ಬ್ರೇಕಿನ ದೋಷವನ್ನು ತಾವೇ ಹುಡುಕಿದ್ದು. ಮೊದಲ ಬ್ರೇಕಿನಲ್ಲಿ ಗಾಳಿ ಎಂಜಿನ್ನಿನಿಂದ ಹೊರಟು ಬೋಗಿಗಳಿಗೆ ಹೋಗಬೇಕಿತ್ತು. ನಡುವೆ ಹೋಸ್ ಪೈಪು ಒಡೆದರೆ, ಅಥವಾ ಕೊಂಡಿ ಕಳಚಿ ಗಾಡಿ ಎರಡು ತುಂಡಾದರೆ, ಹಿಂದಿನ ಬೋಗಿಗಳಿಗೆ ಬ್ರೇಕೇ ಇಲ್ಲ. ಬ್ರೇಕು ಅತ್ಯಂತ ಬೇಕಾದ ಗಳಿಗೆಯಲ್ಲೇ ಅದು ಕೈಕೊಡುತ್ತಿತ್ತು. ಜೊತೆಗೆ ಗಾಳಿ ಹಿಂದಿನ ಬೋಗಿಗೆ ಮುಟ್ಟುವುದು ತಡವಾಗುತ್ತಿತ್ತು.

1872ರಲ್ಲಿ ಅವರು ಇಡೀ ಲೆಕ್ಕವನ್ನು ತಲೆಕೆಳಗು ಮಾಡಿದರು. ಗಾಳಿ ತುಂಬಿದರೆ ಬ್ರೇಕು ಬೀಳುವುದು ಹಳೆಯ ಕ್ರಮ. ಗಾಳಿ ಕಳೆದರೆ ಬ್ರೇಕು ಬೀಳುವುದು ಹೊಸ ಕ್ರಮ. ಪ್ರತಿ ಬೋಗಿಗೂ ಅದರದೇ ಸಣ್ಣ ಗಾಳಿ ಟ್ಯಾಂಕು ಕೊಟ್ಟರು. ಪೈಪಿಗೂ ಟ್ಯಾಂಕಿಗೂ ಸಿಲಿಂಡರಿಗೂ ನಡುವೆ ಟ್ರಿಪಲ್ ವಾಲ್ವ್ ಎಂಬ ಚಿಕ್ಕ ಸಲಕರಣೆಯನ್ನು ಕೂರಿಸಿದರು. ಗಾಡಿ ಓಡುವಾಗ ಪೈಪಿನಲ್ಲಿ ಸದಾ ಗಾಳಿ ತುಂಬಿರುತ್ತದೆ, ಅದು ಬೋಗಿಯ ಟ್ಯಾಂಕನ್ನೂ ತುಂಬಿಸುತ್ತದೆ. ಡ್ರೈವರು ಪೈಪಿನ ಗಾಳಿಯನ್ನು ಸ್ವಲ್ಪ ಹೊರಗೆ ಬಿಟ್ಟರೆ ಸಾಕು. ಪೈಪಿನ ಒತ್ತಡ ಇಳಿದದ್ದನ್ನು ಕಂಡು ವಾಲ್ವು ತಾನಾಗಿ ಸರಿದು, ಬೋಗಿಯ ಸ್ವಂತ ಟ್ಯಾಂಕಿನ ಗಾಳಿಯನ್ನು ಸಿಲಿಂಡರಿಗೆ ಬಿಡುತ್ತದೆ. ಬ್ರೇಕು ಬೀಳುತ್ತದೆ. ಮತ್ತೆ ಪೈಪಿಗೆ ಗಾಳಿ ತುಂಬಿದರೆ ಬ್ರೇಕು ಬಿಡುತ್ತದೆ.

ಈಗ ಪೈಪು ಒಡೆದರೂ ಗಾಳಿ ಹೋಗುತ್ತದೆ, ಕೊಂಡಿ ಕಳಚಿದರೂ ಗಾಳಿ ಹೋಗುತ್ತದೆ. ಎರಡು ತುಂಡಾದ ಗಾಡಿಯ ಎರಡೂ ತುಂಡು ತಾವಾಗಿ ನಿಲ್ಲುತ್ತವೆ. ನಮ್ಮ ರೈಲಿನಲ್ಲಿ ಅಪಾಯದ ಸರಪಳಿ ಎಳೆದರೆ ಆಗುವುದೂ ಇದೇ. ಬ್ರೇಕ್ ಪೈಪಿನ ಗಾಳಿ ಹೊರಹೋಗುತ್ತದೆ. ಯಂತ್ರ ಕೆಡುವುದನ್ನು ಪೂರ್ತಿ ತಪ್ಪಿಸಲು ಯಾರಿಂದಲೂ ಆಗದು. ಕೆಟ್ಟಾಗ ಅದು ಜೀವ ಉಳಿಸುವ ಕಡೆಗೆ ಕೆಡುವಂತೆ ಮಾಡಬಹುದು. ವೆಸ್ಟಿಂಗ್‌ಹೌಸ್ ಲೋಕಕ್ಕೆ ಕೊಟ್ಟ ದೊಡ್ಡ ಪಾಠ ಇದು.

ಆ ಪಾಠ ಕೇಳದ ಕಡೆ ಏನಾಯಿತೆಂಬುದಕ್ಕೆ ಐರ್ಲೆಂಡಿನ ಆರ್ಮಾ ದುರಂತವೇ ಸಾಕ್ಷಿ. 1889ರ ಜೂನ್ 12ರಂದು ಭಾನುವಾರದ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತಿತು. ಮುಂದಿನ ಅರ್ಧವನ್ನು ಮೊದಲು ಮೇಲಕ್ಕೆ ಒಯ್ಯೋಣವೆಂದು ನಡುವೆ ಕೊಂಡಿ ಕಳಚಿದರು. ಆ ಗಾಡಿಯಲ್ಲಿದ್ದದ್ದು ತಾನಾಗಿ ಬೀಳದ ಬಗೆಯ ಬ್ರೇಕು. ಕಳಚಿದೊಡನೆ ಹಿಂದಿನ ಬೋಗಿಗಳ ಬ್ರೇಕು ಬಿಟ್ಟುಹೋಯಿತು. ಅವು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರುತ್ತಿದ್ದ ಗಾಡಿಗೆ ಅಪ್ಪಳಿಸಿದವು. 80 ಮಂದಿ ಸತ್ತರು, ಅವರಲ್ಲಿ ಮಕ್ಕಳು ಬಹಳ. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಗಾಡಿಗಳಿಗೆಲ್ಲ ತಾನಾಗಿ ಬೀಳುವ ಬ್ರೇಕು ಇರಲೇಬೇಕೆಂದು ಕಾನೂನು ಮಾಡಿತು.

ಗೂಡ್ಸ್ ಗಾಡಿಯೂ ಕಾನೂನೂ

ಪ್ರಯಾಣಿಕರ ಗಾಡಿ ಗೆದ್ದರೂ ಗೂಡ್ಸ್ ಗಾಡಿ ಬಾಕಿ ಇತ್ತು. 1886 ಮತ್ತು 1887ರಲ್ಲಿ ಅಯೋವಾ ರಾಜ್ಯದ ಬರ್ಲಿಂಗ್ಟನ್ ಎಂಬಲ್ಲಿ 50 ವ್ಯಾಗನ್ನುಗಳ ಉದ್ದ ಗಾಡಿ ಕಟ್ಟಿ ಹಲವು ಕಂಪನಿಗಳ ಬ್ರೇಕುಗಳನ್ನು ಪರೀಕ್ಷಿಸಿದರು. ಮುಂದಿನ ವ್ಯಾಗನ್ನಿಗೆ ಬ್ರೇಕು ಬಿದ್ದಾಗ ಹಿಂದಿನವು ಇನ್ನೂ ಓಡುತ್ತಿದ್ದವು. ಒಂದಕ್ಕೊಂದು ಗುದ್ದಿ ಹಿಂದಿನ ವ್ಯಾಗನ್ನಿನಲ್ಲಿ ನಿಂತವರು ಎಗರಿ ಬೀಳುತ್ತಿದ್ದರು. ವೆಸ್ಟಿಂಗ್‌ಹೌಸರ ಬ್ರೇಕೂ ಇದಕ್ಕೆ ಹೊರತಾಗಿರಲಿಲ್ಲ. ಗಾಳಿಯಿಂದ ಆಗದು, ವಿದ್ಯುತ್ತೇ ಬೇಕು ಎಂಬ ಮಾತು ಬಂತು. ಅವರು ಮುನಿಸಿಕೊಳ್ಳಲಿಲ್ಲ, ನೆಪ ಹೇಳಲಿಲ್ಲ. ಕಾರ್ಖಾನೆಗೆ ಹಿಂದಿರುಗಿ ಕೆಲವೇ ತಿಂಗಳಲ್ಲಿ ಟ್ರಿಪಲ್ ವಾಲ್ವನ್ನು ಹೊಸದಾಗಿ ಮಾಡಿದರು. ಪ್ರತಿ ವಾಲ್ವೂ ತನ್ನ ಬಳಿಯೇ ಸ್ವಲ್ಪ ಗಾಳಿಯನ್ನು ಪೈಪಿನಿಂದ ಬಿಟ್ಟು ಮುಂದಿನ ವಾಲ್ವಿಗೆ ಸುದ್ದಿ ಮುಟ್ಟಿಸುವಂತಾಯಿತು. ಎರಡು, ಮೂರು ಸೆಕೆಂಡಿನೊಳಗೆ 50ನೇ ವ್ಯಾಗನ್ನಿಗೂ ಬ್ರೇಕು ಬೀಳತೊಡಗಿತು. ಆ ಗಾಡಿಯನ್ನು ಊರೂರಿಗೆ ಒಯ್ದು ಎಲ್ಲರೆದುರು ನಿಲ್ಲಿಸಿ ತೋರಿಸಿದರು.

ಆದರೂ ಖರ್ಚಾಗುತ್ತದೆಂದು ಅನೇಕ ರೈಲ್ವೆ ಕಂಪನಿಗಳು ಬ್ರೇಕು ಹಾಕಿಸದೆ ದಿನ ತಳ್ಳಿದವು. ಬ್ರೇಕ್ಸ್‌ಮನ್‌ಗಳ ಪ್ರಾಣಕ್ಕಿಂತ ಹೊಸ ಬ್ರೇಕು ದುಬಾರಿ ಎಂಬಂತಿತ್ತು ಲೆಕ್ಕ. ಲೊರೆಂಜೊ ಕಾಫಿನ್ ಎಂಬ ಅಯೋವಾದ ರೈತರೊಬ್ಬರು ವರ್ಷಗಟ್ಟಲೆ ಊರೂರು ಅಲೆದು, ಪತ್ರ ಬರೆದು, ಸಭೆಗಳಲ್ಲಿ ಮಾತಾಡಿ ರೈಲ್ವೆ ಕೆಲಸಗಾರರ ಪರವಾಗಿ ಕಾನೂನಿಗೆ ಹೋರಾಡಿದರು. 1893ರ ಮಾರ್ಚ್ 2ರಂದು ಅಮೆರಿಕದಲ್ಲಿ ರೈಲ್ವೆ ಸುರಕ್ಷತಾ ಕಾನೂನು ಬಂದಿತು. ಒಳ್ಳೆಯ ಯಂತ್ರ ಹುಟ್ಟಿದರೆ ಸಾಲದು, ಅದನ್ನು ಎಲ್ಲರಿಗೂ ದಕ್ಕಿಸಲು ಇನ್ನೊಬ್ಬರ ದುಡಿಮೆಯೂ ಬೇಕು.

ನಮ್ಮ ದೇಶದ ಹಳಿಗಳಲ್ಲಿ ಬ್ರಿಟನ್ನಿನ ಪದ್ಧತಿಯಂತೆ ಬಹುಕಾಲ ವ್ಯಾಕ್ಯೂಮ್ ಬ್ರೇಕು ನಡೆಯಿತು. ಅದರಲ್ಲಿ ಪೈಪಿನೊಳಗಿನ ಗಾಳಿಯನ್ನು ಹೀರಿ ತೆಗೆದಿಟ್ಟಿರುತ್ತಾರೆ. ಹೊರಗಿನ ಗಾಳಿ ಒಳನುಗ್ಗಿದರೆ ಬ್ರೇಕು ಬೀಳುತ್ತದೆ. ಗಾಡಿಗಳು ಉದ್ದವಾಗಿ, ಭಾರ ಹೆಚ್ಚಿದಂತೆ ಅದು ಸಾಲದಾಯಿತು. 1980ರ ದಶಕದಿಂದ ಭಾರತೀಯ ರೈಲ್ವೆ ಹಂತಹಂತವಾಗಿ ಏರ್ ಬ್ರೇಕಿಗೆ ಬದಲಾಯಿತು. ಇಂದು ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ ಇಟ್ಟು ಗಾಡಿ ನಡೆಸುತ್ತಾರೆ.

ಗಣಿಗೆ ಬಂದ ಕರೆಂಟು

ವೆಸ್ಟಿಂಗ್‌ಹೌಸರ ಇನ್ನೊಂದು ದೊಡ್ಡ ಕೆಲಸವೂ ನಮ್ಮ ಊರಿಗೆ ಸಂಬಂಧಿಸಿದ್ದೇ. ಥಾಮಸ್ ಎಡಿಸನ್ ನೇರ ವಿದ್ಯುತ್ತಿನಿಂದ ದೀಪ ಬೆಳಗಿಸುತ್ತಿದ್ದ ಕಾಲ. ಅದನ್ನು ಬಹಳ ದೂರ ಸಾಗಿಸಲು ಆಗುತ್ತಿರಲಿಲ್ಲ. ಪರ್ಯಾಯ ವಿದ್ಯುತ್ತಾದರೆ ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜು ಏರಿಸಿ ದೂರ ಕಳಿಸಿ, ಬೇಕಾದ ಕಡೆ ಇಳಿಸಿಕೊಳ್ಳಬಹುದು. 1886ರಲ್ಲಿ ವೆಸ್ಟಿಂಗ್‌ಹೌಸ್ ವಿದ್ಯುತ್ ಕಂಪನಿ ತೆರೆದರು. ವಿಲಿಯಂ ಸ್ಟಾನ್ಲಿ ಎಂಬ ಎಂಜಿನಿಯರರಿಂದ ಟ್ರಾನ್ಸ್‌ಫಾರ್ಮರು ಮಾಡಿಸಿದರು. 1888ರಲ್ಲಿ ನಿಕೋಲಾ ಟೆಸ್ಲಾ ಅವರ ಮೋಟಾರಿನ ಪೇಟೆಂಟುಗಳನ್ನು ಪಡೆದರು. ಎಡಿಸನ್ ಕಡೆಯವರು ಪರ್ಯಾಯ ವಿದ್ಯುತ್ತು ಸಾವಿನ ವಿದ್ಯುತ್ತೆಂದು ಜನರನ್ನು ಹೆದರಿಸಿದರು. ವೆಸ್ಟಿಂಗ್‌ಹೌಸ್ ಮಾತಿಗೆ ಕೆಲಸದಿಂದ ಉತ್ತರ ಕೊಟ್ಟರು. 1893ರಲ್ಲಿ ಶಿಕಾಗೋ ವಿಶ್ವ ಮೇಳಕ್ಕೆ ದೀಪ ಹಾಕಿದರು; ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಆ ಮೇಳದ ಸಂದರ್ಭದಲ್ಲೇ. 1896ರ ನವೆಂಬರಿನಲ್ಲಿ ನಯಾಗರಾ ಜಲಪಾತದ ವಿದ್ಯುತ್ತು 26 ಮೈಲಿ ದೂರದ ಬಫೆಲೋ ನಗರಕ್ಕೆ ತಲುಪಿತು.

ಅದಾಗಿ ಆರು ವರ್ಷವೂ ತುಂಬಿರಲಿಲ್ಲ. 1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಪರ್ಯಾಯ ವಿದ್ಯುತ್ತು ಹರಿಯಿತು. ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕೆಲಸವದು. ಅಲ್ಲಿನ ವಿದ್ಯುತ್ ಯಂತ್ರಗಳು ವೆಸ್ಟಿಂಗ್‌ಹೌಸರವಲ್ಲ, ಅವರ ಎದುರಾಳಿ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಆದರೆ ಎಡಿಸನ್ನರ ಕಂಪನಿಯಿಂದಲೇ ಬೆಳೆದ ಆ ಸಂಸ್ಥೆಯೂ ಕೊನೆಗೆ ಹಿಡಿದದ್ದು ವೆಸ್ಟಿಂಗ್‌ಹೌಸ್ ಹಟ ಹಿಡಿದು ಗೆಲ್ಲಿಸಿದ ದಾರಿಯನ್ನೇ. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ನಮ್ಮ ಗಣಿಗೆ ಕರೆಂಟು ಬಂದದ್ದು ಹೀಗೆ.

ಕಡೆಯ ದಿನಗಳು

ಕೆಲಸಗಾರರ ವಿಷಯದಲ್ಲೂ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು. ವಾರವಿಡೀ ದುಡಿಸುವುದೇ ವಾಡಿಕೆಯಾಗಿದ್ದಾಗ ಶನಿವಾರ ಮಧ್ಯಾಹ್ನ ರಜೆ ಕೊಟ್ಟ ಮೊದಲಿಗರಲ್ಲಿ ಅವರೊಬ್ಬರು. ವಿಲ್ಮರ್ಡಿಂಗ್ ಎಂಬಲ್ಲಿ ಬ್ರೇಕಿನ ಕಾರ್ಖಾನೆಯ ಸುತ್ತ ಕಾರ್ಮಿಕರಿಗೆ ಮನೆ ಕಟ್ಟಿಸಿ, ಕಂತಿನಲ್ಲಿ ಹಣ ತೀರಿಸಿ ಸ್ವಂತ ಮಾಡಿಕೊಳ್ಳುವ ಅನುಕೂಲ ಮಾಡಿದರು. ತಟ್ಟಿ ಗುಡಿಸಲುಗಳ ಸಾಲಿನಲ್ಲಿ ಬದುಕಿದ ಗಣಿ ಕಾರ್ಮಿಕರ ಮೊಮ್ಮಕ್ಕಳಾದ ನಮಗೆ ಅದರ ಬೆಲೆ ಗೊತ್ತು.

1907ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ಹಣದ ಮುಗ್ಗಟ್ಟು ಬಂತು. ಸಾಲ ಮಾಡಿ ಬೆಳೆಸಿದ್ದ ವಿದ್ಯುತ್ ಕಂಪನಿ ವೆಸ್ಟಿಂಗ್‌ಹೌಸರ ಕೈ ಬಿಟ್ಟಿತು. ತಮ್ಮ ಹೆಸರನ್ನೇ ಹೊತ್ತ ಕಂಪನಿಯಲ್ಲಿ ತಮ್ಮ ಮಾತು ನಡೆಯದಂತಾದದ್ದು ಅವರಿಗೆ ದೊಡ್ಡ ಪೆಟ್ಟು. ಬ್ರೇಕಿನ ಕಂಪನಿ ಮಾತ್ರ ಅವರ ಬಳಿ ಉಳಿಯಿತು. ಆಗಲೂ ಸುಮ್ಮನೆ ಕೂರಲಿಲ್ಲ. ಮೋಟಾರು ಕಾರಿನ ಕುಲುಕಾಟ ತಡೆಯುವ ಗಾಳಿಯ ಸ್ಪ್ರಿಂಗಿನ ಮೇಲೆ ಕೆಲಸ ಮಾಡಿದರು. ವಿದ್ಯುತ್ತಿನಲ್ಲಿ ಮಾಡಿದ ಸಾಧನೆಗಾಗಿ ಅವರಿಗೆ ಸಂದ ಪದಕದ ಹೆಸರು ಎಡಿಸನ್ ಪದಕ ಎಂಬುದು ವಿಧಿಯ ತಮಾಷೆ. ಮುನ್ನೂರಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದ ಆ ಜೀವ 1914ರ ಮಾರ್ಚ್ 12ರಂದು ನ್ಯೂಯಾರ್ಕಿನಲ್ಲಿ ಕೊನೆಯುಸಿರೆಳೆಯಿತು. ಮೂರೇ ತಿಂಗಳಲ್ಲಿ ಹೆಂಡತಿಯೂ ಹಿಂಬಾಲಿಸಿದರು. ಹಳೆಯ ಸೈನಿಕರಾದ್ದರಿಂದ ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಅವರಿಗೆ ಜಾಗ ಸಿಕ್ಕಿತು. 1930ರಲ್ಲಿ ಪಿಟ್ಸ್‌ಬರ್ಗಿನ ಉದ್ಯಾನವೊಂದರಲ್ಲಿ ಅವರ ಸ್ಮಾರಕ ಎದ್ದಿತು. ಅದಕ್ಕೆ ಹಣ ಕೂಡಿಸಿದವರು ಅವರ ಕಂಪನಿಗಳ ನೌಕರರು.

ಲಾರಿಯ ಅಡಿಗೆ ಬಂದ ಗಾಳಿ

ಲಾರಿ, ಬಸ್ಸುಗಳಿಗೆ ಏರ್ ಬ್ರೇಕು ಬಂದದ್ದು ಅವರು ತೀರಿಕೊಂಡ ಮೇಲೆ, 1920ರ ದಶಕದಿಂದ ಈಚೆಗೆ. ಜೀಪು, ಕಾರುಗಳಲ್ಲಿ ಕಾಲಿನ ಬಲವನ್ನು ಎಣ್ಣೆ ಚಕ್ರಕ್ಕೆ ಒಯ್ಯುತ್ತದೆ. ಹತ್ತಾರು ಟನ್ ಹೊತ್ತ ಲಾರಿಗೆ ಕಾಲಿನ ಬಲ ಸಾಲದು. ಅಲ್ಲಿ ಎಂಜಿನ್ನೇ ಕಂಪ್ರೆಸರನ್ನು ತಿರುಗಿಸಿ ಟ್ಯಾಂಕುಗಳಿಗೆ ಗಾಳಿ ತುಂಬುತ್ತದೆ. ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 7ರಿಂದ 8 ಕೆ.ಜಿ. ಡ್ರೈವರು ಒತ್ತುವ ಪೆಡಲು ಒಂದು ವಾಲ್ವು ಮಾತ್ರ. ಅದು ತೆರೆದಾಗ ಗಾಳಿ ಚಕ್ರದ ಬಳಿಯ ಛೇಂಬರಿಗೆ ಹೋಗಿ ಒಳಗಿನ ರಬ್ಬರ್ ಡಯಾಫ್ರಮ್ಮನ್ನು ತಳ್ಳುತ್ತದೆ. ಅದು ರಾಡನ್ನು, ರಾಡು ಸ್ಲ್ಯಾಕ್ ಅಡ್ಜಸ್ಟರನ್ನು, ಅದು ಕ್ಯಾಮನ್ನು ತಿರುಗಿಸಿ, ಲೈನರುಗಳು ಡ್ರಮ್ಮಿಗೆ ಒತ್ತಿ ಲಾರಿ ನಿಲ್ಲುತ್ತದೆ.

ಕಾಲಿನ ಬ್ರೇಕಿಗೆ ಗಾಳಿ ಇರಲೇಬೇಕು. ಹಾಗಾದರೆ ಗಾಳಿ ಹೋದರೆ ಗತಿ? ಅಲ್ಲಿ ವೆಸ್ಟಿಂಗ್‌ಹೌಸರ 1872ರ ಪಾಠ ಕೆಲಸಕ್ಕೆ ಬರುತ್ತದೆ. ಈಗಿನ ಲಾರಿಗಳ ಹಿಂದಿನ ಛೇಂಬರುಗಳಲ್ಲಿ ಬಲವಾದ ಸ್ಪ್ರಿಂಗು ಇರುತ್ತದೆ. ಗಾಳಿ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಹಿಡಿದಿರುತ್ತದೆ. ಗಾಳಿ ಕಳೆದರೆ ಸ್ಪ್ರಿಂಗು ಬಿಚ್ಚಿಕೊಂಡು ಬ್ರೇಕು ತಾನಾಗಿ ಕಚ್ಚುತ್ತದೆ. ಬೆಳಿಗ್ಗೆ ಗಾಳಿ ಏರುವವರೆಗೆ ಲಾರಿ ಕದಲದಿರುವುದಕ್ಕೆ ಇದೇ ಕಾರಣ. ಅದು ಲಾರಿಯ ಸೋಮಾರಿತನವಲ್ಲ, ಕಾವಲು.

ಆ ಕಾವಲನ್ನು ನಾವೇ ಕೆಡಿಸಬಾರದು. ಬಜರು ಕೂಗುವಾಗಲೇ ಗಾಡಿ ತೆಗೆಯುವುದು ತಪ್ಪು. ಒತ್ತಿದ ಗಾಳಿಯಲ್ಲಿ ನೀರು ಸೇರುತ್ತದೆ, ಅದನ್ನು ಟ್ಯಾಂಕಿನ ಡ್ರೇನ್ ವಾಲ್ವಿನಿಂದ ದಿನವೂ ಬಿಡಬೇಕು; ಬಿಡದಿದ್ದರೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ವಾಲ್ವುಗಳು ತುಕ್ಕು ಹಿಡಿಯುತ್ತವೆ. ಎಂಜಿನ್ ನಿಲ್ಲಿಸಿ, ಪೆಡಲು ಒತ್ತಿ ಹಿಡಿದು, ಮುಳ್ಳು ಇಳಿಯುತ್ತದೆಯೇ ನೋಡಿದರೆ ಸೋರಿಕೆ ತಿಳಿಯುತ್ತದೆ. ಕೆಟ್ಟ ಲಾರಿಯನ್ನು ಎಳೆಯಲು ಸ್ಪ್ರಿಂಗನ್ನು ಬೋಲ್ಟಿನಿಂದ ಬಿಗಿದು ಕಟ್ಟುವುದುಂಟು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಲು ಮರೆತರೆ ಕಾವಲುಗಾರನ ಕೈಕಟ್ಟಿ ಹಾಕಿ ಹೊರಟಂತೆ. ಸ್ಪ್ರಿಂಗಿನ ಛೇಂಬರನ್ನು ತಿಳಿಯದವರು ಬಿಚ್ಚಲೇಬಾರದು. ಒಳಗಿನ ಸ್ಪ್ರಿಂಗು ಎಗರಿದರೆ ಪ್ರಾಣ ಹೋಗುತ್ತದೆ.

ಘಾಟಿನ ಮಾತೇ ಬೇರೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿ ಬಿಟ್ಟು, ಬರೀ ಬ್ರೇಕಿನ ಮೇಲೆ ಇಳಿದರೆ ಲೈನರು, ಡ್ರಮ್ಮು ಕಾದು ಹಿಡಿತವೇ ಇಲ್ಲದಾಗುತ್ತದೆ. ಆಗ ಟ್ಯಾಂಕು ತುಂಬ ಗಾಳಿ ಇದ್ದರೂ ಪ್ರಯೋಜನವಿಲ್ಲ. ತಾನಾಗಿ ಬೀಳುವ ಸ್ಪ್ರಿಂಗಿನ ಬ್ರೇಕೂ ಒತ್ತುವುದು ಅದೇ ಕಾದ ಲೈನರನ್ನೇ. ಪದೇ ಪದೇ ಪೆಡಲು ತುಳಿದರೆ ಗಾಳಿಯೂ ಖರ್ಚಾಗುತ್ತದೆ. ಇಳಿಯುವ ಮುಂಚೆಯೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗ ಹಿಡಿಯಬೇಕು, ಮಿತಿಗಿಂತ ಹೆಚ್ಚು ಭಾರ ಹೇರಬಾರದು. ಯಾವ ಮಹಾನುಭಾವ ಕಂಡುಹಿಡಿದ ಬ್ರೇಕೂ ಈ ವಿವೇಕಕ್ಕೆ ಬದಲಿಯಾಗದು.

ನಮ್ಮ ಶಾಲೆಯಿಂದ ಹೊರಟವರಲ್ಲಿ ಐ.ಟಿ.ಐ. ಸೇರುವವರು, ಬೆಮೆಲ್ ಕಾರ್ಖಾನೆಯಲ್ಲೋ ರೈಲ್ವೆಯಲ್ಲೋ ದುಡಿಯುವವರು, ಗ್ಯಾರೇಜು ಇಟ್ಟವರು, ಲಾರಿ, ಬಸ್ಸು ಓಡಿಸುವವರು ಬಹಳ. ಕಾಲೇಜು ಮುಗಿಸದ ವೆಸ್ಟಿಂಗ್‌ಹೌಸರ ಬಾಳು ಅವರೆಲ್ಲರಿಗೂ ಹತ್ತಿರದ್ದು. ಮಾಡಿದ ಕೆಲಸದಲ್ಲಿ ತಾನೇ ದೋಷ ಹುಡುಕಬೇಕು, ಅದು ಕೆಟ್ಟರೆ ಯಾರಿಗೆ ಪೆಟ್ಟಾಗುತ್ತದೆಂದು ಮೊದಲೇ ಯೋಚಿಸಬೇಕು ಎಂಬುದನ್ನು ಅವರಿಂದ ಕಲಿಯಬಹುದು. ಮುಂದಿನ ಐವತ್ತು ವರ್ಷಗಳಲ್ಲಿ ಈ ಶಾಲೆಯ ಮಕ್ಕಳು ವೇಗದ ಯಂತ್ರಗಳನ್ನು ಎಷ್ಟಾದರೂ ಕಟ್ಟಲಿ. ಅವನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದನ್ನೂ ಕಲಿಯಲಿ.